ಬೆನ್ನ ಹಿಂದಿನ ಗಂಟು

ಬಂಗಾರಪೇಟೆಯಿಂದ ಗಣಿ ಆಫೀಸಿಗೆ ದಿನವೂ ಟಪಾಲು ಒಯ್ಯಲು ಗಣಿಯ ಬಿಳಿ ದೊರೆಗಳು ಕದಿರಪ್ಪನಿಗೆ ಮೋಟಾರ್ ಸೈಕಲ್ ಕೊಟ್ಟಿದ್ದರೇ ಹೊರತು ಕೋಟು ಕೊಟ್ಟಿರಲಿಲ್ಲ. ಅದಕ್ಕೇ ಅವನ ಹೆಂಡತಿ ಮಂಗಮ್ಮ ಚಳಿಗಾಲದ ಬೆಳಗುಗಳಲ್ಲಿ ಬಿಸಿ ರಾಗಿಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ, ಅಂಗಿಯೊಳಗೆ ಅವನ ಹೊಟ್ಟೆಗೆ ಕಟ್ಟಿ ಕಳಿಸುತ್ತಿದ್ದಳು. ದಾರಿಯುದ್ದಕ್ಕೂ ಅದು ಮೈ ಕಾಯಿಸುತ್ತಿತ್ತು, ಮಧ್ಯಾಹ್ನ ಹೊಟ್ಟೆ ತುಂಬಿಸುತ್ತಿತ್ತು.

ಒಂದು ಸಂಜೆ ಅವನು ಅಂಗಿ ಬಿಚ್ಚಿದಾಗ ಹೊಟ್ಟೆಯ ಮೇಲೆ ಹಳದಿ ಅಂಚಿನ ಸೀರೆ ತುಂಡು ಕಟ್ಟಿತ್ತು. ಒಳಗೆ ಹುರಿದ ಕಡಲೆಕಾಯಿ, ಇನ್ನೂ ಬೆಚ್ಚಗಿತ್ತು.

"ಯಾರು ಕಟ್ಟಿದ್ದು ಇದ?"

"ರಾಬರ್ಟ್‌ಸನ್‌ಪೇಟೇಲಿ ಕಡ್ಲೆಕಾಯಿ ಮಾರೋ ವೆಂಕಟರತ್ನಮ್ಮ. ಚಳೀಲಿ ಓಗ್ತೀಯ ಅಂತ ಪಾಪ, ಅವಳೇ ಕೊಟ್ಲು."

ಮಂಗಮ್ಮನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಅವಳು ಕೇಳಿದ್ದು ಕಟ್ಟಿದವಳನ್ನು, ಇವನು ಹೇಳಿದ್ದು ಕೊಟ್ಟವಳನ್ನು. ಬೆನ್ನ ಹಿಂದೆ ಅಷ್ಟು ನೀಟಾಗಿ ಗಂಟು ಹಾಕಿಕೊಳ್ಳುವುದು ಇವನ ಕೈಯಲ್ಲಿ ಆಗುವ ಕೆಲಸವಲ್ಲ. ಕಡಲೆಕಾಯಿಯನ್ನೆಲ್ಲ ಎಮ್ಮೆಯ ಮುಂದೆ ಸುರಿದಳು.

ಮರುದಿನ ಅವಳು ಮುದ್ದೆಯನ್ನು ಆರಲು ಬಿಡದೆ, ಒಂದೇ ಸುತ್ತು ಬಟ್ಟೆ ಸುತ್ತಿ, ಅವನ ಬೆನ್ನ ಹಿಂದೆ ಏಳು ಗಂಟು ಬಿಗಿದಳು.

"ಸುಡ್ತದೆ ಕಣೇ," ಅಂದ ಕದಿರಪ್ಪ.

"ಸುಡ್ಲಿ. ಸಂಜೆ ಗಂಟ ಬೆಚ್ಚಗಿರ್ತೀಯ."

"ಇಷ್ಟು ಗಂಟು ಆಕಿದ್ರೆ ಮದ್ಯಾನ ಉಣ್ಣೋದೆಂಗೆ?"

"ಮನೆಗ್ ಬಂದು ಉಣ್ಣು. ಬಿಚ್ಚೋಳು ನಾನಿದೀನಿ."