ಡಾಕ್ಟರಿಲ್ಲದ ಬಂಡೆ

"ನೀನು ಜೀವಂತ ತಂದ್ಕೊಡು, ಸಾಕು. ನನ್ನ ಕೈಗೆ ಬಂದ್ಮೇಲೆ ಒಂದು ಮೀನೂ ಸಾಯಲ್ಲ. ಮಾತು ಕೊಟ್ಟಿದೀನಿ. ಏಳು, ಮುಖ ತೊಳ್ಕೊ."

ತಮ್ಮನು ಮೊದಲ ಸಲ ಹವಳದ ದಿಬ್ಬಕ್ಕೆ ಮುಳುಗಿ ಬಂದ ದಿನ ಅಕ್ಕ ಕೊಟ್ಟ ಮಾತು ಇದು. ಅಂದು ಅವನು ಹಿಡಿದ ಹಳದಿ ಮೀನು ದಡ ಮುಟ್ಟುವುದರೊಳಗೆ ಬಕೆಟ್ಟಿನಲ್ಲಿ ಹೊಟ್ಟೆ ಮೇಲಾಗಿ ತೇಲಿತ್ತು. ಆಗಷ್ಟೇ ಮೀಸೆ ಮೂಡುತ್ತಿದ್ದವನು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗೊಳೋ ಎಂದು ಅತ್ತಿದ್ದ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವನ ಅಳು ನಿಲ್ಲಿಸಲು ಬಾಯಿಗೆ ಬಂದದ್ದು ಹೇಳಿದಳು. ಹೇಳಿದ ಮೇಲೆ ಅದನ್ನು ನಡೆಸಿಯೂ ಬಿಟ್ಟಳು.

ಅಲ್ಲಿಂದ ಕೆಲಸ ಹಂಚಿಕೆಯಾಯಿತು. ನೀರೊಳಗಿನದು ತಮ್ಮನದು, ದಡದ್ದು ಅಕ್ಕನದು. ಅವನು ಕೈಬಲೆಯಲ್ಲಿ ಮೀನನ್ನು ಸುತ್ತುಗಟ್ಟಿ ಹಿಡಿದು, ನಡುವೆ ಅಲ್ಲಲ್ಲಿ ತಡೆದು ತಡೆದು ಮೇಲೆ ಬರುತ್ತಿದ್ದ. ದಡಬಡ ಎದ್ದು ಬಂದರೆ ಮೀನಿನ ಹೊಟ್ಟೆಯೊಳಗಿನ ಗಾಳಿ ಉಬ್ಬಿ ಅದರ ಕತೆ ಮುಗಿಯುತ್ತದೆ. ಅಕ್ಕ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಜಿನ ತೊಟ್ಟಿಗಳ ನಡುವೆ ಓಡಾಡುತ್ತಿದ್ದಳು. ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು ಹೆಚ್ಚೋ ಕಡಿಮೆಯೋ ಅವಳಿಗೆ ತಿಳಿಯುತ್ತಿತ್ತು. ಗಾಳಿಯ ಪಂಪು ಒಂದು ಗಳಿಗೆ ಸದ್ದು ಬದಲಿಸಿದರೆ ಸಾಕು, ಒಲೆ ಮೇಲಿನದು ಹೊತ್ತಿದರೂ ಸರಿ ಎಂದು ಶೆಡ್ಡಿಗೆ ಓಡುತ್ತಿದ್ದಳು. ಊರವರು ಅವಳಿಗೆ ತೊಟ್ಟಿಯಕ್ಕ ಎಂದು ಹೆಸರಿಟ್ಟರು. "ತೊಟ್ಟಿಯಕ್ಕನ ಶೆಡ್ಡಲ್ಲಿ ಮೀನು ಸಾಯಲ್ಲ" ಎನ್ನುವುದು ಬಾಯಿಂದ ಬಾಯಿಗೆ ಹಬ್ಬಿ, ದೂರದ ಅಕ್ವೇರಿಯಂ ಅಂಗಡಿಗಳವರೂ ಅವಳ ಮೀನೇ ಬೇಕು ಎನ್ನುವಂತಾಯಿತು.

ಶಾಲೆಗೆ ಹೋಗುವ ಅಕ್ಕನ ಮಗಳು ಮಾತ್ರ ಒಮ್ಮೆ ಥರ್ಮಾಕೋಲ್ ಪೆಟ್ಟಿಗೆಯ ಮೇಲೆ ಪುಸ್ತಕ ಹರಡಿಕೊಂಡು ಕೂತವಳು ಕೇಳಿದ್ದಳು: "ಅಮ್ಮಾ, ಲಾರಿ ಹತ್ತಿದ್ಮೇಲೆ?"

"ಏನು ಲಾರಿ ಹತ್ತಿದ್ಮೇಲೆ?"

"ಸಾಯಲ್ವಾ?"

"ಲಾರಿ ಹತ್ತಿದ್ಮೇಲೆ ಅದು ನನ್ನ ಕೈಯಲ್ಲ. ಲೆಕ್ಕ ಮಾಡು, ತಲೆಹರಟೆ ಬೇಡ."

ಹೀಗೇ ನಡೆಯುತ್ತಿದ್ದ ಕಾಲಕ್ಕೆ, ದಿಬ್ಬದ ಮೀನು ಹಿಡಿದು ಅಕ್ವೇರಿಯಂಗೆ ಮಾರುವುದನ್ನು ನಿಷೇಧಿಸುತ್ತಾರಂತೆ ಎಂಬ ಸುದ್ದಿ ಬಂತು. ಜನರ ಅಹವಾಲು ಕೇಳಲು ಪೇಟೆಯ ಸಭಾಭವನದಲ್ಲಿ ಸಭೆಯನ್ನೂ ಕರೆದರು. ಮೀನು ಹಿಡಿಯುವವರ ಸಂಘದ ಅಧ್ಯಕ್ಷ ಅದರ ಹಿಂದಿನ ಸಂಜೆಯೇ ಶೆಡ್ಡಿಗೆ ಬಂದ. ಯಾವ ಸಭೆಯಲ್ಲೂ ಕೈಗೆ ಸಿಕ್ಕ ಮೈಕು ಬಿಡದ ಮನುಷ್ಯನಾದ್ದರಿಂದ ಎಲ್ಲರಿಗೂ ಅವನು ಮೈಕಣ್ಣ.

"ಅಕ್ಕಾ, ಮೀನೆಲ್ಲ ನಮ್ಮ ಕೈಲಿ ಸಾಯುತ್ವೆ ಅಂತ ಅವರ ವಾದ. ನೀವೊಬ್ಬರು ಎದ್ದು ನಿಂತು, ನನ್ನ ಶೆಡ್ಡಲ್ಲಿ ಒಂದೂ ಸತ್ತಿಲ್ಲ ಅನ್ನಿ. ಅಲ್ಲಿಗೆ ಎಲ್ಲರ ಬಾಯಿ ಬಂದ್."

"ಅದಕ್ಕೆ ನೀವು ಮೈಕು ಬಿಟ್ಟುಕೊಡ್ಬೇಕಲ್ಲ?"

"ನಿಮಗೋಸ್ಕರ ಅದನ್ನೂ ಮಾಡ್ತೀನಿ!" ಮೈಕಣ್ಣ ನಕ್ಕ. ನಗುತ್ತಲೇ ತೊಟ್ಟಿಯೊಳಗೆ ಇಣುಕಿದವನ ಮುಖ ಸಪ್ಪಗಾಯಿತು. "ಇದೇನಕ್ಕ?"

ಒಂದೆರಡು ವಾರದಿಂದ ಅಕ್ಕನ ನಿದ್ದೆ ಕೆಡಿಸಿದ್ದೇ ಅದು. ಮೀನುಗಳು ಗಾಜಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಕಿವಿರುಗಳ ಬಳಿ ಹೇನಿನಂಥ ಬಿಳಿ ಹುಳ ಕಚ್ಚಿಕೊಂಡಿದ್ದವು. ಅಕ್ಕ ನೀರು ಬದಲಿಸಿದ್ದಳು, ತೊಟ್ಟಿ ತಿಕ್ಕಿದ್ದಳು, ಒಂದೊಂದೇ ಮೀನನ್ನು ಸಿಹಿನೀರಿನಲ್ಲಿ ಅದ್ದಿ ಹುಳ ಉದುರಿಸಿದ್ದಳು. ತಮ್ಮ ಹೊಸದಾಗಿ ತಂದದ್ದಕ್ಕೂ ಅದೇ ರೋಗ. ಹೇಗೋ ಎಲ್ಲವೂ ಇನ್ನೂ ಉಸಿರಾಡುತ್ತಿದ್ದವು, ಅಷ್ಟೇ.

ಮೈಕಣ್ಣ ದನಿ ತಗ್ಗಿಸಿದ. "ಸಭೆ ಇರೋದು ನಾಳೆ ಮಧ್ಯಾಹ್ನ. ಬೆಳಗ್ಗೆ ಲಾರಿ ಬರುತ್ತಲ್ಲ, ಹಾಕಿ ಕಳಿಸಿಬಿಡಿ. ದಾರಿಯಲ್ಲಿ ಏನಾದ್ರೂ ಆದ್ರೆ ಅದು ನಿಮ್ಮ ಕೈಯಲ್ಲವಲ್ಲ. ನೀವು ಹೇಳೋ ಮಾತೂ ಸುಳ್ಳಾಗಲ್ಲ."

ಅವನು ಹೋದ ಮೇಲೆ ಅಕ್ಕ ಪ್ಲಾಸ್ಟಿಕ್ ಚೀಲಗಳನ್ನು ಒಂದರೊಳಗೊಂದು ತೂರಿಸಿ ಇಟ್ಟಳು. ರಬ್ಬರ್ ಬ್ಯಾಂಡುಗಳನ್ನು ಮಣಿಕಟ್ಟಿಗೆ ಏರಿಸಿಕೊಂಡಳು. ಬಾಗಿಲಿಗೆ ಒರಗಿ ನಿಂತಿದ್ದ ತಮ್ಮನ ಮೇಲೆ ಹರಿಹಾಯ್ದಳು.

"ಕಂಬದ ಹಾಗೆ ನಿಂತ್ಕೋಬೇಡ. ಎಲ್ಲಿಂದ ತರ್ತಿದೀಯೋ ಈ ರೋಗಾನ? ನೀನು ಮುಚ್ಚಿಡ್ತಿರೋದು ನಿನ್ನ ಮುಖದ ಮೇಲೇ ಕಾಣುತ್ತೆ."

"ಹೇಳಿದ್ರೆ ನಂಬಲ್ಲ ನೀನು. ಬೆಳಗ್ಗೆ ದೋಣಿ ಹತ್ತು, ತೋರಿಸ್ತೀನಿ."

"ನಾನಾ? ನಂಗೆ ಈಜೂ ಬರಲ್ಲ."

"ಮುಖ ಅದ್ದಿದ್ರೆ ಸಾಕು. ಕೈ ನಾನು ಹಿಡ್ಕೊಂಡಿರ್ತೀನಿ."

ಇಷ್ಟು ವರ್ಷ ಸಮುದ್ರದ ಮೀನನ್ನೇ ನಂಬಿ ಬದುಕಿದವಳು ಒಮ್ಮೆಯೂ ಆ ನೀರಲ್ಲಿ ಮುಖ ಅದ್ದಿರಲಿಲ್ಲ. ಅವಳು ಕಂಡ ಸಮುದ್ರವೆಲ್ಲ ಪೈಪಿನಲ್ಲಿ ತೊಟ್ಟಿಗೆ ಬಂದದ್ದು.

ಬೆಳಗ್ಗೆ ದಿಬ್ಬದ ಮೇಲೆ ದೋಣಿ ನಿಂತಿತು. ತಮ್ಮ ತನ್ನ ಮುಖಗನ್ನಡಕವನ್ನು ಅವಳಿಗೆ ಬಿಗಿದ. ಕೂದಲು ಸಿಕ್ಕಿಕೊಂಡಿತೆಂದು ಬೈಸಿಕೊಂಡ. ಅವಳು ದೋಣಿಯಂಚಿಗೆ ಹೊಟ್ಟೆ ಆನಿಸಿ ಬಗ್ಗಿ, ಉಸಿರು ಬಿಗಿಹಿಡಿದು ಮುಖ ಅದ್ದಿದಳು.

ತಕ್ಷಣ ಎತ್ತಿದಳು. "ಅಯ್ಯೋ, ಎಷ್ಟೊಂದಿವೆಯೋ!"

"ಆ ಕಡೆ ನೋಡಬೇಡ. ಎಡಕ್ಕೆ, ಗುಂಡನೆ ಬಂಡೆ ಇದೆಯಲ್ಲ, ಅಲ್ಲಿ."

ಮತ್ತೆ ಅದ್ದಿದಳು. ಗುಂಡು ಬಂಡೆಯ ಮುಂದೆ ಮೀನುಗಳು ನಿಂತಿದ್ದವು. ದೊಡ್ಡದು, ಸಣ್ಣದು, ಪಟ್ಟೆಯದು, ಚುಕ್ಕೆಯದು, ಬಸ್ಸಿಗೆ ಕಾಯುವವರಂತೆ ಒಂದರ ಹಿಂದೊಂದು. ಮುಂದಿನದು ಬಾಯಿ ಅಗಲಿಸಿ, ಕಿವಿರು ಬಿಚ್ಚಿ, ಯಾರಿಗೋ ತೋರಿಸುವಂತೆ ಅಲ್ಲಾಡದೆ ನಿಂತಿತ್ತು. ಬಂಡೆಯಿಂದ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಬಾಯಿ ಮುಚ್ಚಿ ಪಕ್ಕಕ್ಕೆ ಸರಿಯಿತು. ಹಿಂದಿನದು ಮುಂದೆ ಬಂದು ಬಾಯಿ ತೆರೆಯಿತು.

ಅಕ್ಕ ಮುಖ ಎತ್ತಿ ಏದುಸಿರು ಬಿಡುತ್ತಾ ಕೇಳಿದಳು: "ಯಾರಿಗೆ ಕಾಯ್ತಿವೆ?"

"ಡಾಕ್ಟರಿಗೆ."

ಡಾಕ್ಟರೆಂದರೆ ಕಿರುಬೆರಳುದ್ದದ, ಕಪ್ಪು ಗೆರೆಯ ನೀಲಿ ಮೀನು. ಬೇರೆ ಮೀನುಗಳ ಬಾಯೊಳಗೂ ಕಿವಿರಿನೊಳಗೂ ನುಗ್ಗಿ ಹುಳ ಹೆಕ್ಕಿ ತಿನ್ನುತ್ತದೆಂದು ಅದಕ್ಕೆ ಆ ಹೆಸರು. ಹೋದ ಹಂಗಾಮಿನಲ್ಲಿ ಅಂಗಡಿಗಳವರು ಅದನ್ನೇ ಬೇಕೆಂದಿದ್ದರು. ತಮ್ಮ ಈ ಬಂಡೆಯಿಂದ ಹಿಡಿದು ತಂದಿದ್ದ. ಚೀಲಕ್ಕೆ ನೀರು ಬಿಟ್ಟು, ಆಮ್ಲಜನಕ ತುಂಬಿ, ಬಾಯಿ ತಿರುಚಿ ರಬ್ಬರ್ ಹಾಕಿದ್ದು ಅವಳೇ. ಆಗ ಅವನಿಗೆ ತಮಾಷೆಯನ್ನೂ ಮಾಡಿದ್ದಳು: "ಡಾಕ್ಟರಿಗೆ ಪೇಟೆಗೆ ವರ್ಗ ಆಯ್ತು ನೋಡು!"

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿ? ಶೆಡ್ಡು ಮುಚ್ಚು ಅನ್ಲಾ? ನನ್ನ ಸಾಕಿದ್ದೇ ಅದರಲ್ಲಿ ನೀನು."

ಅಕ್ಕ ಕನ್ನಡಕ ಬಿಚ್ಚಿ ಅವನ ಕೈಗೆ ಕೊಟ್ಟಳು. ಮುಖದ ಮೇಲೆ ಅದರ ಅಚ್ಚು ಕೆಂಪಗೆ ಕೂತಿತ್ತು. ತಮ್ಮ ದೋಣಿಯನ್ನು ದಡಕ್ಕೆ ತಿರುಗಿಸಿದ.

ಮನೆ ಮುಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಪೆಟ್ಟಿಗೆ ಎಲ್ಲಿ ಅಕ್ಕಾ?" ಎಂದ ಡ್ರೈವರ್.

ಅಕ್ಕ ಶೆಡ್ಡಿನೊಳಗೆ ಹೋಗಿ ನಿಂತಳು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಚೀಲದ ನೀರು ಕೆಡುತ್ತದೆಂದು ಮೀನುಗಳನ್ನು ಹಿಂದಿನ ದಿನವೇ ಉಪವಾಸ ಕೆಡವಿದ್ದಳು. ಅವಳ ನೆರಳು ಬಿದ್ದದ್ದೇ ತಡ, ಎಲ್ಲವೂ ಗಾಜಿನ ಬಳಿ ಬಂದವು. ಈಗ ಕಟ್ಟಿ ಕೊಟ್ಟರೆ ಮಾತೂ ಉಳಿಯುತ್ತದೆ, ಶೆಡ್ಡೂ ಉಳಿಯಬಹುದು. ಅವಳು ಮಣಿಕಟ್ಟಿನ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿ ಮೊಳೆಗೆ ನೇತುಹಾಕಿದಳು. ಸೀಗಡಿ ಚೂರು ಮಾಡಿ ತೊಟ್ಟಿಗೆ ಉದುರಿಸಿದಳು.

"ಇವತ್ತಿಲ್ಲಪ್ಪ. ಹೋಗು."

"ನಾಳೆ ಬರ್ಲಾ?"

"ನಾಳೆನೂ ಬೇಡ."

ಮಧ್ಯಾಹ್ನ ಸಭಾಭವನ ಕಿಕ್ಕಿರಿದಿತ್ತು. ಮೈಕಣ್ಣ ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ ಎಂದು ಗಂಟಲು ಹರಿಯುವಂತೆ ಮಾತಾಡಿ, ಕೊಟ್ಟ ಮಾತಿನಂತೆ ಮೈಕನ್ನು ತೊಟ್ಟಿಯಕ್ಕನ ಕೈಗಿತ್ತ.

"ನಿಮ್ಮಲ್ಲಿ ಮೀನೇ ಸಾಯಲ್ವಂತೆ, ಹೌದಾ?" ಮೇಜಿನ ಆಚೆ ಕೂತಿದ್ದ ಅಧಿಕಾರಿಯಮ್ಮ ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ.

"ಇದುವರೆಗೆ ಸತ್ತಿಲ್ಲಮ್ಮ. ಇನ್ಮೇಲೆ ಸಾಯುತ್ವೆ," ಎಂದಳು ಅಕ್ಕ. "ಕಾಯಿಲೆ ಬಿದ್ದಿವೆ. ನೋಡ್ಬೇಕಾದ ಡಾಕ್ಟರನ್ನ ನಾನೇ ಚೀಲಕ್ಕೆ ಕಟ್ಟಿ ಕಳಿಸಿಬಿಟ್ಟೆ. ಬೆಳಗ್ಗೆ ಹೋಗಿ ನೋಡ್ಕೊಂಡು ಬಂದೆ, ಪಾಪ, ಸಾಲಲ್ಲಿ ನಿಂತು ಕಾಯ್ತಿವೆ ಇನ್ನೂ. ಹಿಡಿಯೋದು ನಿಲ್ಲಿಸಿ. ಆದ್ರೆ ನಿಲ್ಲಿಸೋರು ನಮ್ಮ ಒಲೆ ಕಡೆಗೂ ಒಂದ್ಸಲ ನೋಡಿ. ಇವರ್ಯಾರೂ ಕೆಟ್ಟೋರಲ್ಲ."

ಹಿಂದಿನಿಂದ ಯಾರೋ "ಮನೆ ಮುರುಕಿ!" ಎಂದು ಕೂಗಿದರು. ಕುರ್ಚಿಗಳು ಸರಿದವು. ಅಕ್ಕ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಮೈಕಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಜೀವಮಾನದಲ್ಲಿ ಒಂದೇ ಸಲ ಮೈಕು ಬಿಟ್ಟುಕೊಟ್ಟೆನಲ್ಲಕ್ಕ," ಎಂದ. ಬೈಯಲು ಬಾಯಿ ತೆರೆದವನಿಂದ ಹೊರಟದ್ದು ಅಷ್ಟೇ. ಅಕ್ಕ ಅವನ ಪಕ್ಕದಲ್ಲೇ ಕೂತಳು. ಮುಂದೆ ಮಾಡುವುದೇನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆ ಹಂಗಾಮು ಮುಗಿಯುವುದರೊಳಗೆ ನಿಷೇಧ ಬಂತು. ತಮ್ಮ ಬೇರೆಯವರ ದೋಣಿಯಲ್ಲಿ ಊಟದ ಮೀನು ಹಿಡಿಯಲು ಹೊರಟ. ಅಕ್ಕ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಮೈಕಣ್ಣ ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾ ಎಲ್ಲ ಕಡೆ ತೊಟ್ಟಿಯಕ್ಕನನ್ನೂ ಜೊತೆಗೆ ಎಳೆದುಕೊಂಡು ಹೋದ.

ತೊಟ್ಟಿಯ ಮೀನುಗಳನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಚೇತರಿಸಿಕೊಂಡವನ್ನು ಅಧಿಕಾರಿಯಮ್ಮ ಕಳಿಸಿದ ಜನ ಪರೀಕ್ಷೆ ಮಾಡಿ ಹೂಂ ಎಂದ ಮೇಲೆ ತಮ್ಮನೇ ದಿಬ್ಬಕ್ಕೆ ಬಿಟ್ಟು ಬಂದ. ಉಳಿದವು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದವು. ಕೊನೆಯದು ಒಂದು ಹಳದಿ ಮೀನು. ಅಕ್ಕ ಅದನ್ನು ಬೊಗಸೆಯಲ್ಲಿ ನೀರಿನ ಸಮೇತ ಎತ್ತಿ ಹಿಡಿದಿದ್ದಳು, ತಮ್ಮ ಪಕ್ಕದಲ್ಲಿ ನಿಂತಿದ್ದ. ಅದು ಅವಳ ಕೈಯಲ್ಲೇ ಸತ್ತಿತು.

ಅಕ್ಕ ಕೊಟ್ಟ ಮಾತು ಉಳಿಯಲಿಲ್ಲ.