ಮೋಟಾರು ಮುಚ್ಚಿದ ಹುತ್ತ

ಯಂತ್ರ ಯಾವುದೂ ಜನರ ಕಣ್ಣಿಗೆ ಬೀಳಬಾರದು ಎಂಬುದು ಎಂಜಿನಿಯರ್ ರಾಮಪ್ರಸಾದರ ಹಟ. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ನಿನಿಂದ ಎರಡು ಮೈಲಿ ಆಚೆ, ಸೀಗೆಕಟ್ಟೆಯ ಹೊಲಗಳನ್ನೆಲ್ಲ ಸಮ ಮಾಡಿ ಎಬ್ಬಿಸುತ್ತಿದ್ದ ಆ ವಿಹಾರಧಾಮದಲ್ಲಿ ಬೆಟ್ಟವಿತ್ತು, ಬೆಟ್ಟದಿಂದ ಬೀಳುವ ಜಲಪಾತವಿತ್ತು, ಜಲಪಾತದ ಪಕ್ಕ ಒಂದು ಹುಲಿಯೂ ಇತ್ತು. ಬೆಟ್ಟದೊಳಗೆ ನೀರಿನ ಟ್ಯಾಂಕು, ಹುಲಿಯ ಹೊಟ್ಟೆಯಲ್ಲಿ ಲೌಡ್‌ಸ್ಪೀಕರು. ಬೆಂಗಳೂರಿನಿಂದ ಬಸ್ಸು ಹಿಡಿದು ಬರುವ ಸಂಸಾರಗಳು ಟಿಕೆಟ್ ಕೊಟ್ಟು ನೋಡಬೇಕಾದ್ದು ಕಾಡನ್ನು, ಕಾಡಿನ ಹೊಟ್ಟೆಯೊಳಗಿನ ವೈರುಗಳನ್ನಲ್ಲ. ಇದ್ದ ಹೊಂಗೆ ಮರಗಳನ್ನು ಕಡಿದು ಸಿಮೆಂಟಿನ ಮರ ನಿಲ್ಲಿಸುವುದು ಯಾವ ಸೀಮೆಯ ಜಾಣತನವೋ, ಅದನ್ನು ಕೇಳುವಷ್ಟು ಸಂಬಳ ಅಲ್ಲಿ ಯಾರಿಗೂ ಇರಲಿಲ್ಲ.

ಚಿಕ್ಕಬೈರಪ್ಪನ ಕೆಲಸ ಈ ಮುಚ್ಚುವುದೇ. ಮೂಲತಃ ರಾಗಿ ಬೆಳೆಯುತ್ತಿದ್ದ ಮನುಷ್ಯ. ಬೇಸಿಗೆಯಲ್ಲಿ ಕೈ ಖಾಲಿಯಿದ್ದಾಗ ಸುತ್ತಮುತ್ತಲ ಗುಡಿಗಳಿಗೆ ಗಾರೆಯಲ್ಲಿ ಬಸವನನ್ನೋ ದ್ವಾರಪಾಲಕರನ್ನೋ ಮಾಡಿಕೊಡುತ್ತಿದ್ದ. ಹೊಲ ವಿಹಾರಧಾಮಕ್ಕೆ ಹೋದ ಮೇಲೆ ಆ ಬೇಸಿಗೆಯ ವಿದ್ಯೆಯೇ ಅನ್ನದ ದಾರಿಯಾಯಿತು. ತಂತಿ ಜಾಲರಿ ಬಗ್ಗಿಸಿ, ಸಿಮೆಂಟು ಮೆತ್ತಿ, ಬಣ್ಣ ಬಳಿದನೆಂದರೆ ಸ್ವಿಚ್ ಬೋರ್ಡು ಹಲಸಿನ ಮರದ ಬೊಡ್ಡೆಯಾಗಿಬಿಡುತ್ತಿತ್ತು. ಎರಡು ವರ್ಷ ಬರಿಗೈಯಲ್ಲಿ ಸಿಮೆಂಟು ಕಲಸಿ ಅವನ ಕೈ ಜಡ್ಡುಗಟ್ಟಿ ಹೋಗಿತ್ತು. ಹಬೆಯಾಡುವ ಟೀ ಲೋಟ ಹಿಡಿದರೂ ಬಿಸಿ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಅವನು ಬೇಸರಪಡಲಿಲ್ಲ. ಬೇಸರಪಡುವ ಶಕ್ತಿ ಅವನಲ್ಲಿ ಉಳಿದೇ ಇರಲಿಲ್ಲ.

ಆ ಶಕ್ತಿ ಹೋದದ್ದು ಹೊಲ ಸಮ ಮಾಡಿದ ವರ್ಷ. ಅವನ ಹೊಲದ ಮೂಲೆಯಲ್ಲಿ, ಬೇವಿನ ಮರದಡಿ, ಆಳೆತ್ತರದ ಒಂದು ಹುತ್ತವಿತ್ತು. ಅವನ ಅಜ್ಜಿ, ಅವ್ವ, ಆಮೇಲೆ ಹೆಂಡತಿ ಪಿಳ್ಳಮ್ಮ ಎಲ್ಲರೂ ನಾಗರಚೌತಿಯ ದಿನ ಅದಕ್ಕೇ ಹಾಲಿನ ತನಿ ಎರೆದವರು. ಬುಲ್ಡೋಜರಿನವನು ಹುತ್ತದ ಮುಂದೆ ಬಂದು ಗಾಡಿ ನಿಲ್ಲಿಸಿಬಿಟ್ಟ. "ನನಗೂ ಮಕ್ಕಳವೆ ಸಾರ್, ನಾನು ಮುಟ್ಟಲ್ಲ" ಅಂದ. ಕಂಟ್ರಾಕ್ಟರು ಸುತ್ತ ನೋಡಿ, ಜಮೀನಿನ ಯಜಮಾನನೇ ಮೊದಲ ಏಟು ಹಾಕಿದರೆ ಯಾರಿಗೂ ದೋಷವಿಲ್ಲ ಎಂದು ತೀರ್ಪು ಕೊಟ್ಟ. ಚಿಕ್ಕಬೈರಪ್ಪ ಹಾರೆ ಎತ್ತಿ ಮೊದಲ ಏಟು ಹಾಕಿದ. ಹನ್ನೊಂದನೆಯ ದಿನ ಅವರ ಒಬ್ಬಳೇ ಮಗಳು, ಒಂಬತ್ತು ವರ್ಷದ ಮುನಿಲಕ್ಷ್ಮಿ, ಮಿದುಳು ಜ್ವರದಲ್ಲಿ ಹೋದಳು.

ಪಿಳ್ಳಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ, ಎದೆ ಬಡಿದುಕೊಂಡು ಶಾಪ ಹಾಕಿದ್ದರೆ ಅವನಿಗೂ ಅಳು ಬರುತ್ತಿತ್ತೋ ಏನೋ. ಅವಳು ಮುದ್ದೆ ತೊಳಸಿ ತಟ್ಟೆ ಮುಂದಿಟ್ಟು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು, ಅಷ್ಟೆ. ತಲೆಗೆ ಎಣ್ಣೆಯಿಲ್ಲ, ದೇವರಿಗೆ ದೀಪವಿಲ್ಲ. ಅವನು ಉಂಡು, ಕೈ ತೊಳೆದು, ಮಲಗುತ್ತಿದ್ದ. ಎರಡು ವರ್ಷ ಹೀಗೇ ಹೋಯಿತು.

ಆ ವರ್ಷದ ಆಷಾಢದಲ್ಲಿ ರಾಮಪ್ರಸಾದರು ಜಲಪಾತಕ್ಕೆ ನೀರೆತ್ತುವ ಮೋಟಾರನ್ನು ತಂದು ಆ ಬೇವಿನ ಮರದಡಿಯೇ ಕೂರಿಸಿದರು. ಪುಣ್ಯಕ್ಕೆ ಮರವೊಂದನ್ನು ಉಳಿಸಿದ್ದರು. "ಇದರ ಮೇಲೊಂದು ಬಂಡೆ ಮಾಡ್ಬಿಡಿ ಬೈರಪ್ಪ, ನ್ಯಾಚುರಲ್ ಆಗಿರ್ಬೇಕು" ಅಂದರು.

ಚಿಕ್ಕಬೈರಪ್ಪ ಮರವನ್ನು ನೋಡಿದ, ಮೋಟಾರನ್ನು ನೋಡಿದ. "ಇಲ್ಲಿ ಬಂಡೆ ಒಪ್ಪಲ್ಲ ಸಾ. ಇಲ್ಲಿ ಉತ್ತ ಇರಬೇಕು" ಅಂದ.

ರಾಮಪ್ರಸಾದರಿಗೆ ಖುಷಿಯೋ ಖುಷಿ. ಹುತ್ತವೆಂದರೆ ಬಾಯಿಗಳಿರುತ್ತವೆ, ಬಾಯಿಗಳಿದ್ದರೆ ಗಾಳಿಯಾಡುತ್ತದೆ, ಗಾಳಿಯಾಡಿದರೆ ಮೋಟಾರು ಬಿಸಿಯಾಗುವುದಿಲ್ಲ. ಚಿಕ್ಕಬೈರಪ್ಪನ ತಲೆಯಲ್ಲಿ ಇದಾವುದೂ ಇರಲಿಲ್ಲ. ಹಳೆಯ ಹುತ್ತದ ಮಣ್ಣು ಇನ್ನೂ ಬೇಲಿ ಪಕ್ಕ ಗುಡ್ಡೆ ಬಿದ್ದಿತ್ತು. ಸಿಮೆಂಟಿನ ಮೇಲೆ ಆ ಮಣ್ಣನ್ನೇ ಕಲಸಿ ಬಳಿದ. ಮೂರು ಗೋಪುರ, ಎಡಗಡೆಯದು ತುಸು ವಾಲಿದ್ದು, ಎದುರಿಗೆ ಐದು ಬಾಯಿ, ಎಲ್ಲ ಇದ್ದ ಹಾಗೆಯೇ. ಎಲೆಕ್ಟ್ರಿಷಿಯನ್ ಉಪೇಂದ್ರ ಬಂದು ತಲೆ ಕೆರೆದುಕೊಂಡ.

"ಇನ್ನೊಂಚೂರು ದಪ್ಪ ಮಾಡಣ್ಣ. ವೈರು ಸೇರಿಸಿರೋ ಡಬ್ಬಿಗೆ ಮುಚ್ಚಳ ಹಾಕಕ್ಕೆ ಜಾಗ ಇಲ್ಲ."

"ಅದು ಇಷ್ಟೇ ದಪ್ಪ ಇದ್ದಿದ್ದು."

"ಯಾವುದಣ್ಣ?"

ಚಿಕ್ಕಬೈರಪ್ಪ ಇನ್ನೊಂದು ಹಿಡಿ ಮಣ್ಣು ತೆಗೆದು ಬಳಿದ. ಉಪೇಂದ್ರ ಗೊಣಗಿಕೊಂಡು ಮುಚ್ಚಳವನ್ನು ಬಿಚ್ಚಿಟ್ಟು, ವೈರುಗಳ ಗಂಟಿಗೆ ಒಂದಿಷ್ಟು ಟೇಪು ಸುತ್ತಿ, ಆಮೇಲೆ ಸರಿ ಮಾಡುತ್ತೇನೆಂದು ಹೋದ. ಆ ಆಮೇಲೆ ಎನ್ನುವುದು ಯಾವತ್ತು ಬಂದಿದೆ?

ಬೇಲಿಯಾಚೆ ಮೇಕೆ ಮೇಯಿಸುತ್ತಿದ್ದ ಪಕ್ಕದ ಮನೆಯ ವಸಂತಮ್ಮ ಅದನ್ನು ನೋಡಿದಳು. ನೋಡಿದವಳು ಮೇಕೆಗಳನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು. ಕೆಡವಿದ ಹುತ್ತ ಮತ್ತೆ ಬೆಳೆಯುವುದು ಹಳ್ಳಿಯವರಿಗೇನೂ ಹೊಸದಲ್ಲ. ಅದೂ ಅದೇ ಮರ, ಅದೇ ಜಾಗ, ಅದೇ ವಾಲಿದ ಗೋಪುರ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಪಿಳ್ಳಮ್ಮ ಗೋಡೆ ಕಡೆ ತಿರುಗಲಿಲ್ಲ.

"ಉತ್ತ ತಿರುಗಾ ಎದ್ದೈತಂತೆ, ನಿಜವಾ?"

ಎರಡು ವರ್ಷದಲ್ಲಿ ಅವಳು ಅವನನ್ನು ಕೇಳಿದ ಮೊದಲ ಮಾತು ಅದು. ಅಲ್ಲ, ಅದು ಸಿಮೆಂಟಿನದು, ಒಳಗೆ ಮೋಟಾರಿದೆ ಎನ್ನಬೇಕಿತ್ತು. ಅವನ ಬಾಯಿಂದ "ಹೂಂ" ಎಂದಷ್ಟೇ ಬಂತು.

ಮಾರನೆಯ ದಿನ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡಳು. ಅದರ ಮಾರನೆಯ ದಿನ ದೇವರ ಗೂಡಿನ ಧೂಳು ಒರೆಸಿ ದೀಪ ಹಚ್ಚಿದಳು. ಮಗಳ ಲಂಗಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. "ನಾಗಪ್ಪಂಗೆ ನಮ್ ಮ್ಯಾಲೆ ಸಿಟ್ಟಿಲ್ಲ ಬಿಡು. ಇದ್ದಿದ್ರೆ ತಿರುಗಾ ಬರ್ತಿದ್ನಾ?" ಅಂದಳು ವಸಂತಮ್ಮನಿಗೆ, ಅವನಿಗೂ ಕೇಳಿಸುವ ಹಾಗೆ. ಚಿಕ್ಕಬೈರಪ್ಪನಿಗೆ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಹೀಗೆ ಇಪ್ಪತ್ತು ನಾಳೆಗಳು ಕಳೆದು ನಾಗರಚೌತಿ ಬಂದೇಬಿಟ್ಟಿತು.

ಅದೇ ದಿನ ಬೊಂಬಾಯಿಯಿಂದ ಮಾಲೀಕರ ಕಡೆಯವರು ಜಲಪಾತ ನೋಡಲು ಬರುವವರಿದ್ದರು. ಬೆಳಿಗ್ಗೆ ಹತ್ತಕ್ಕೆ ಮೋಟಾರು ಗುಂಯ್‌ಗುಟ್ಟಿತು, ಬೆಟ್ಟದ ಮೇಲಿಂದ ನೀರು ಧುಮುಕಿತು, ಸಫಾರಿ ಸೂಟಿನವರು ಚಪ್ಪಾಳೆ ತಟ್ಟಿದರು. ಹುಲಿಗೆ ಬಣ್ಣ ಬಳಿಯುತ್ತಿದ್ದ ಚಿಕ್ಕಬೈರಪ್ಪ ತಿರುಗಿ ನೋಡಿದರೆ, ಬೇವಿನ ಮರದಡಿ ಹೆಂಗಸರ ಸಾಲು. ಗೇಟು ಕಾಯುವ ಹನುಮಯ್ಯ ಸೀಗೆಕಟ್ಟೆಯವನೇ. ಚೌತಿಯ ದಿನ ತನಿ ಎರೆಯುವವರನ್ನು ತಡೆಯುವ ಎದೆ ಅವನಿಗೆಲ್ಲಿಂದ ಬರಬೇಕು? ಹಿಂದಿನ ಬೇಲಿ ಸರಿಸಿ ಒಳಗೆ ಬಿಟ್ಟಿದ್ದ. ಹೆಂಗಸರು ಬರಿಗಾಲಲ್ಲಿ, ಒದ್ದೆ ಸೀರೆಯಲ್ಲಿ, ಹಿತ್ತಾಳೆ ಚೆಂಬು ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ವಸಂತಮ್ಮ, ಅವಳ ಹಿಂದೆಯೇ ಪಿಳ್ಳಮ್ಮ. ಮುಡಿಯಲ್ಲಿ ಕನಕಾಂಬರವಿತ್ತು.

ಆ ಕನಕಾಂಬರ ನೋಡಿ ಅವನಿಗೆ ಕೂಗಲು ಬಾಯಿ ಬರಲಿಲ್ಲ. ಕೂಗುವ ಬದಲು ರಾಮಪ್ರಸಾದರ ಹತ್ತಿರ ಓಡಿದ. ಸ್ವಿಚ್ಚಿನ ರೂಮಿನ ಬೀಗದ ಕೈ ಅವರ ಜೇಬಿನಲ್ಲಿತ್ತು.

"ಸಾ, ಮೋಟಾರು ಆಫ್ ಮಾಡ್ಸಿ. ಐದೇ ನಿಮಿಷ."

"ಗೆಸ್ಟ್ಸ್ ಮುಂದೆ ಏನ್ರೀ ಇದು? ಫಾಲ್ಸ್ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಎಂಗಸ್ರು ಉತ್ತಕ್ಕೆ ಆಲು ಉಯ್ತಾವ್ರೆ ಸಾ. ಒಳಗೆ ವೈರಿಗೆ ಮುಚ್ಚಳ ಇಲ್ಲ."

"ಹಾಗಾದ್ರೆ ಅವರನ್ನ ಕಳಿಸ್ರೀ! ಮೋಟಾರಿದೆ ಅಂತ ಹೇಳಿ ಕಳಿಸಿ. ಅಷ್ಟೂ ಗೊತ್ತಾಗಲ್ವಾ?" ಎಂದು ಹಲ್ಲು ಕಚ್ಚಿ, ನಗುಮುಖ ಮಾಡಿಕೊಂಡು, ಅವರು ಅತಿಥಿಗಳ ಕಡೆ ತಿರುಗಿದರು. ಸಿಟ್ಟಿನಲ್ಲಿ ಹೇಳಿದರೂ ನ್ಯಾಯವಾದ ಮಾತನ್ನೇ ಹೇಳಿದ್ದರು.

ಅವನು ಮರದಡಿ ಬರುವಷ್ಟರಲ್ಲಿ ವಸಂತಮ್ಮ ಪಕ್ಕದ ಬಾಯಿಗೆ ಹಾಲೆರೆದು ಅರಿಸಿನ ಕುಂಕುಮ ಹಾಕಿ ಮುಗಿಸಿದ್ದಳು. ಏನೂ ಆಗಿರಲಿಲ್ಲ. ಆದರೆ ವೈರಿನ ಗಂಟು ಇದ್ದದ್ದು ನಡುವಿನ ಬಾಯಿಯ ನೇರಕ್ಕೆ. ಪಿಳ್ಳಮ್ಮ ಯಾವತ್ತೂ ನಡುವಿನ ಬಾಯಿಗೇ ಎರೆಯುತ್ತಿದ್ದವಳು.

"ನಾಗಪ್ಪ ಒಳಗವ್ನೆ ಕಣೇ. ಗುಂಯ್ ಅಂತ ಸದ್ದು ಕೇಳಿಲ್ವಾ?" ಎಂದು ಯಾರೋ ಪಿಸುಗುಟ್ಟಿದರು. ಪಿಳ್ಳಮ್ಮ ಕಣ್ಣು ಮುಚ್ಚಿಕೊಂಡು ಮುಂದೆ ಬಂದಳು.

"ಎರೀಬೇಡ" ಅಂದ ಚಿಕ್ಕಬೈರಪ್ಪ. "ಅದು ಉತ್ತ ಅಲ್ಲ. ನಾನು ಮಾಡಿದ್ದು. ಒಳಗೆ ಮೋಟಾರೈತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪಿಳ್ಳಮ್ಮ ಕಣ್ಣು ತೆರೆದಳು.

"ಅವತ್ತು ಆರೆ ಹಾಕಿ ಕೆಡವ್ದೆ" ಅಂದಳು. ದನಿ ಏರಿರಲಿಲ್ಲ. "ಇವತ್ತು ತಾನಾಗೇ ಎದ್ದು ಬಂದವ್ನೆ. ಈಗ ಸುಳ್ಳು ಏಳಿ ಕೆಡವ್ತೀಯಾ? ಸರಿ ಅತ್ಲಾಗೆ."

"ಪಿಳ್ಳೀ, ನನ್ನ ಮಾತು ಕೇಳು."

"ನಿನ್ನ ಮಾತು ಕೇಳಿದ್ದು ಸಾಕು" ಎಂದು ಅವಳು ಚೆಂಬು ಎತ್ತಿದಳು.

ಬೇರೆ ದಾರಿ ಇರಲಿಲ್ಲ. ಹುತ್ತದ ಬಾಯಿಗೆ ಕೈ ಹಾಕುವವನು ಆ ಸೀಮೆಯಲ್ಲಿ ಹುಟ್ಟಿಲ್ಲ. ಆಡುವ ಮಕ್ಕಳೂ ಹಾಕುವುದಿಲ್ಲ. ಚಿಕ್ಕಬೈರಪ್ಪ ಅವಳ ಚೆಂಬಿನಡಿಯಿಂದ ನುಗ್ಗಿ ನಡುವಿನ ಬಾಯಿಯೊಳಗೆ ಮೊಣಕೈವರೆಗೆ ಕೈ ತೂರಿಸಿದ. ಹೆಂಗಸರು ಚೀರಿದರು. ಬೆರಳಿಗೆ ವೈರು ಸಿಕ್ಕಿತೋ ಇಲ್ಲವೋ ಎಂಬುದೂ ಅವನಿಗೆ ತಿಳಿಯಲಿಲ್ಲ, ಸಿಕ್ಕಿದೆ ಎಂಬ ಅಂದಾಜಿನ ಮೇಲೆ ಹಿಡಿದು ಎಳೆದ. ಮುಂಗೈ ವೈರಿನ ಗಂಟಿಗೆ ತಗುಲಿತು. ಅವನನ್ನು ಯಾರೋ ಎತ್ತಿ ಒಗೆದಂತಾಯಿತು. ಬೆನ್ನು ಅಡಿಯಾಗಿ ಬಿದ್ದಾಗ ಅವನ ಮುಷ್ಟಿಯಲ್ಲಿ ಕಿತ್ತುಬಂದ ಕೆಂಪು ವೈರಿತ್ತು, ತುದಿಯಲ್ಲಿ ಉಪೇಂದ್ರನ ಟೇಪು ನೇತಾಡುತ್ತಿತ್ತು. ಮೋಟಾರು ನಿಂತಿತು. ಜಲಪಾತ ತೊಟ್ಟಿಕ್ಕುತ್ತ ತೊಟ್ಟಿಕ್ಕುತ್ತ ಅದೂ ನಿಂತಿತು.

ಸುಟ್ಟ ರಬ್ಬರಿನ ವಾಸನೆ ಬಂತು. ಹುತ್ತದ ಬಾಯಿಯ ಅಂಚು ಒಡೆದು ಒಳಗಿನ ತಂತಿ ಜಾಲರಿ ಹೊರಗೆ ಬಿದ್ದಿತ್ತು, ಅದರ ಹಿಂದೆ ಹಸಿರು ಬಣ್ಣದ ಕಬ್ಬಿಣ. ವಸಂತಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ಒಬ್ಬೊಬ್ಬರಾಗಿ ಹೆಂಗಸರು ಚೆಂಬುಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಬೇಲಿ ಕಡೆ ಹೊರಟರು. ದೂರದಿಂದ ರಾಮಪ್ರಸಾದರು "ಉಪೇಂದ್ರಾ! ಉಪೇಂದ್ರಾ!" ಎಂದು ಅರಚುತ್ತಿದ್ದರು.

ಪಿಳ್ಳಮ್ಮ ಮಾತ್ರ ಹೋಗಲಿಲ್ಲ. ಜಾಲರಿಯನ್ನು ನೋಡಿದಳು. ವಾಲಿದ ಗೋಪುರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಅದರ ಮೈತುಂಬ ಅವನ ಬೆರಳಿನ ಗೀರುಗಳಿದ್ದವು. ಎಷ್ಟು ದಿನ ಕೂತು ಇದನ್ನು ಮಾಡಿದನೋ ಎಂದು ಲೆಕ್ಕ ಹಾಕುವವಳಂತೆ ನಿಂತಿದ್ದಳು. ಇನ್ನು ಇವಳು ಮತ್ತೆ ಗೋಡೆ ಕಡೆ ತಿರುಗುತ್ತಾಳೆ, ಸಾಯುವವರೆಗೂ ಈ ಕಡೆ ನೋಡುವುದಿಲ್ಲ ಎಂದು ಚಿಕ್ಕಬೈರಪ್ಪ ಬಿದ್ದಲ್ಲಿಂದಲೇ ಅಂದುಕೊಂಡ. ಹಾಗೆ ಅಂದುಕೊಂಡಾಗಲೂ ಎದೆಯಲ್ಲಿ ಏನೂ ಅಲುಗಲಿಲ್ಲ.

ಅವಳು ಬಂದು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮುಷ್ಟಿ ಬಿಡಿಸಿ ವೈರು ತೆಗೆದು ಆಚೆ ಎಸೆದಳು. ಮುಂಗೈ ಮೇಲೆ ಅಂಗುಲದಷ್ಟು ಚರ್ಮ ಸುಟ್ಟು ಕರಿಕಾಗಿತ್ತು. ಚೆಂಬು ಬಗ್ಗಿಸಿ, ಹುತ್ತಕ್ಕೆಂದು ತಂದ ಹಾಲನ್ನು ಅದರ ಮೇಲೆ ಸಣ್ಣಗೆ, ಹುತ್ತದ ಬಾಯಿಗೆ ಎರೆಯುವಷ್ಟೇ ನಿಧಾನಕ್ಕೆ ಸುರಿದಳು. ಹಾಲು ಬೆರಳ ಸಂದಿಯಿಂದ ಇಳಿದು ಅವರ ಹಳೆಯ ಹೊಲದ ಮಣ್ಣಿಗೆ ಸೇರಿತು.

"ತಣ್ಣಗಾಯ್ತಾ?" ಅಂದಳು.

ಆ ಕೈಯಲ್ಲಿ ಅವನಿಗೆ ತಂಪೂ ತಿಳಿಯುತ್ತಿರಲಿಲ್ಲ, ಉರಿಯೂ ತಿಳಿಯುತ್ತಿರಲಿಲ್ಲ.

"ಇನ್ನೊಂಚೂರು ಉಯ್ಯಿ" ಅಂದ.