ಗಾಜಿನ ಮೇಲೆ ನೆರಳು

"ಏಯ್ ಮುದ್ಕಿ, ಪಕ್ಕಕ್ಕೆ ಸರ್ಕೊಂಡು ತೊಳಿಯೇ! ನಿನ್ ನೆರಳು ಬಿದ್ರೆ ಕರೆಂಟ್ ಕಮ್ಮಿ ಆಯ್ತದೆ!"

ಹೀಗೆ ಕೂಗಿದವನು ನಾನೇ. ಬೈಸಿಕೊಂಡ ಮುದುಕಿ ನನ್ನ ಹೆತ್ತವ್ವ, ಓಬಕ್ಕ. ಪಾವಗಡದಾಚೆಯ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನೆಲ್ಲುಗಳ ಗಾಜು ತೊಳೆಯುವ ಹನ್ನೊಂದು ಹೆಂಗಸರಿಗೆ ನಾನು ಮೇಸ್ತ್ರಿ. ಎಲ್ಲರೂ ನಮ್ಮ ಕೇರಿಯವರೇ. ಕೊರಳಿಗೊಂದು ಸೀಟಿ ಕೊಟ್ಟಿದ್ದಾರೆ. ಅದನ್ನು ಊದಿ ಬೈಯುವುದೇ ನನ್ನ ಕೆಲಸ.

ಗಾಜಿನ ಕೆಳಗಿನ ನೆಲ ರೇಣುಕಪ್ರಸಾದನದು. ಕೂಲಿಜನರ ಗುತ್ತಿಗೆಯೂ ಅವನದೇ. ಅವನ ತಾತನ ಕಾಲದಲ್ಲಿ, ಇದೇ ನೆಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ನನ್ನಜ್ಜಿಯ ನೆರಳು ಅವರ ಬುತ್ತಿಯ ಮೇಲೆ ಬಿತ್ತೆಂದು ಬಾರುಕೋಲಿನಲ್ಲಿ ಹೊಡೆದಿದ್ದರಂತೆ. ನಾನು ಚಿಕ್ಕವನಿದ್ದಾಗ ಅವ್ವ ಹೇಳಿದ್ದಳು. ಗೊತ್ತಿದ್ದೂ ಕೂಗುತ್ತೇನೆ, ದಿನಾ.

ಅವತ್ತು ಬೆಂಗಳೂರಿನಿಂದ ಆರು ಜನ ಆಫೀಸರುಗಳು ಬಂದರು. ಗಾಳಿ ನೀರು ಕೆಡಿಸದ ಉದ್ಯಮಗಳಲ್ಲಿ ಸರ್ಕಾರ ಯಾವುದಕ್ಕೆ ಮೊದಲ ಮಣೆ ಹಾಕಬೇಕೆಂದು ಪಟ್ಟಿ ಮಾಡುವವರು. ಊರವರಿಗೆ ಖಾಯಂ ಕೆಲಸ ಕೊಟ್ಟಿದ್ದರೆ ಹೆಚ್ಚು ಅಂಕವಂತೆ.

"ನಿಮ್ಮವ್ವನ್ನ ಮುಂದೆ ನಿಲ್ಸೋ," ಎಂದ ರೇಣುಕಪ್ರಸಾದ. "ಖಾಯಂ ಕೆಲ್ಸ ಅನ್ಬೇಕು. ಬಾಯಿ ಜಾರಿದ್ರೆ ಹನ್ನೊಂದು ಜನಾನೂ ನಾಳೆಯಿಂದ ಮನೇಲಿ. ನಿನ್ನೂ ಸೇರ್ಸಿ."

ಅವ್ವನ ಸೆರಗಿನ ಮೇಲೆ ಹೊಸ ಹೆಲ್ಮೆಟ್ ಕೂತಿತು. ಗಗನಾ ಎಂಬ ಆಫೀಸರು ಕೇಳಿದರು, "ಕೆಲಸ ಖಾಯಂ ಆಗಿದ್ಯಾ ಅಮ್ಮ?"

ಅವ್ವ ಬಾಯಿ ತೆರೆಯುವಷ್ಟರಲ್ಲಿ ನಾನೇ "ಹೂಂ ಮೇಡಂ, ಖಾಯಮ್ಮು" ಎಂದುಬಿಟ್ಟೆ. ದಿನಗೂಲಿಯ ಅವ್ವ ನನ್ನ ಮುಖ ನೋಡಿದಳು. ಭೂಮಿ ಬಾಯಿಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಮೇಡಂ ಬರೆದುಕೊಂಡರು.

ಆಮೇಲೆ ಆಫೀಸರುಗಳು ಫೋಟೋಗೆಂದು ಗಾಜಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಎಳೆಬಿಸಿಲು. ಆರೂ ಜನರ ನೆರಳು ಗಾಜಿನುದ್ದಕ್ಕೂ ಬಿತ್ತು. ರೇಣುಕಪ್ರಸಾದ ಹಲ್ಲುಕಿರಿಯುತ್ತಾ ತಾನೂ ಪಕ್ಕಕ್ಕೆ ಸೇರಿಕೊಂಡ.

"ಲೇ ತಿಪ್ಪೇಶ," ಅವ್ವ ಎಲ್ಲರಿಗೂ ಕೇಳುವಂತೆ ಕರೆದಳು. "ಅವ್ರ ನೆರಳೂ ಬಿದ್ದೈತೆ ಕಣ್ಲಾ. ಕೂಗಲ್ವಾ?"

ಅವ್ವ ಹೆಲ್ಮೆಟ್ ಕಳಚಿ ಬಕೆಟ್ಟಿಗೆ ಎಸೆದಳು. "ಖಾಯಮ್ಮೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ. ಇವ್ನು ನನ್ ಮಗ. ಸುಳ್ಳು ಬೊಗಳ್ದ," ಎಂದು ಮೇಡಂಗೆ ಹೇಳಿ, ಪಕ್ಕದ ಗಾಜಿನ ಎದುರು ಹೋಗಿ ಸೆಟೆದು ನಿಂತಳು. ಉಳಿದ ಹತ್ತು ಹೆಂಗಸರೂ ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ನಿಂತರು.

"ನೆರಳು ತೆಗ್ಸೋ, ಬೋಳಿಮಗನೆ! ಊದೋ ಸೀಟಿ!" ರೇಣುಕಪ್ರಸಾದ ಅರಚಿದ.

ಸೀಟಿ ಆಗಲೇ ನನ್ನ ತುಟಿಗೆ ಬಂದಿತ್ತು. ಊದಲಿಲ್ಲ. ಕೆಳಗಿಳಿಸಲೂ ಇಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು.